ಎಡಗೈಯ ಗೀರು

ಮಾಗಡಿಯಲ್ಲಿ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದಾಗ ಪಕ್ಕದ ಮಳಿಗೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ಸೇರಿದ್ದವರೆಲ್ಲ ಅವರ ಕೈಗುಣ ಹೊಗಳುತ್ತಿದ್ದರು. "ಸೈಕಲ್ಲು ಮುಟ್ಟಿದ್ರೆ ಸಾಕು, ಅದರ ಜಾತಕ ಹೇಳೋರು" ಎಂದು ಒಬ್ಬರು ಅಂದಾಗ ನಾನು ಅವರ ಹೆಂಡತಿಯ ಮುಖ ನೋಡಿದೆ. ಆಕೆ ತಲೆ ತಗ್ಗಿಸಿಕೊಂಡರು. ಆ ಮಾತು ಕಿವಿಗೆ ಬಿದ್ದಿದ್ದರೆ ಹೋದವರಿಗೆ ಎಷ್ಟು ಸಂಕಟವಾಗುತ್ತಿತ್ತೆಂದು ಅಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಅವರ ಹೆಸರು ಬರೆಯುವುದಿಲ್ಲ. ಬೀದಿಯವರೆಲ್ಲ ಯಜಮಾನರು ಅನ್ನುತ್ತಿದ್ದೆವು. ಇಲ್ಲೂ ಹಾಗೆಯೇ ಅನ್ನುತ್ತೇನೆ.

ಎತ್ತರದ ಆಳು. ಬಾಗಿ ಬಾಗಿ ಕೆಲಸ ಮಾಡಿ ಬೆನ್ನು ಸ್ವಲ್ಪ ಗೂನಾಗಿತ್ತು. ಎಡಚರು. ಸ್ಪ್ಯಾನರ್ ಹಿಡಿಯುವುದು, ಬೀಡಿ ಹಚ್ಚುವುದು, ಬಾಡಿಗೆ ಇಸಿದುಕೊಳ್ಳುವುದು ಎಲ್ಲವೂ ಎಡಗೈಯಲ್ಲೇ. ಸಂತೆಗೆ ಬಂದ ಅಜ್ಜಿಯರು "ಎಡಗೈ ಚಾಚ್ತೀಯಲ್ಲ, ಲಕ್ಷ್ಮಿ ನಿಂತಾಳಾ?" ಎಂದು ಗದರಿದರೆ, "ನನ್ ಬಲಗೈ ಸೋಮಾರಿ ಕಣವ್ವ. ದುಡಿಯೋ ಕೈಲೇ ಇಸ್ಕತೀನಿ" ಅನ್ನುತ್ತಿದ್ದರು. ಟೀ ಬಂದಾಗ ಮಾತ್ರ ಮರದ ಹೊಟ್ಟು, ಸೋಪು ಹಾಕಿ ಎರಡೂ ಕೈ ತಿಕ್ಕಿ ತಿಕ್ಕಿ ತೊಳೆಯುವರು. ಅಷ್ಟು ಹೊತ್ತಿಗೆ ಟೀ ಆರಿ ಹೋಗಿರುತ್ತಿತ್ತು. ಆರಿದ ಟೀ ಕೊಟ್ಟನೆಂದು ಹೋಟೆಲಿನವನಿಗೆ ದಿನಾ ಬೈಯುವರು.

ನಾನು ಸೈಕಲ್ ಕಲಿತದ್ದು ಅವರ ಹತ್ತಿರವೇ, ಮೂವತ್ತು ದಾಟಿದ ಮೇಲೆ. ಸೀರೆ ಉಟ್ಟ ಹೆಂಗಸಿಗೆ ಈ ವಯಸ್ಸಿನಲ್ಲಿ ಸೈಕಲ್ಲೇಕೆ ಎಂದು ಬೀದಿಯವರು ನಕ್ಕಾಗ, ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುತ್ತ ನಕ್ಕವರಿಗೆಲ್ಲ ಉತ್ತರ ಕೊಟ್ಟವರು ಯಜಮಾನರೇ. "ಮುಂದೆ ನೋಡಿ ಮೇಡಮ್ಮ, ನಗೋರ್ ಕಡೆ ನೋಡಿದ್ರೆ ನಗೋರ್ ಮ್ಯಾಕೇ ಹೋಯ್ತೀರ." ನಾನು ಹಾಗೆಯೇ ಹೋಗಿ ಒಬ್ಬರ ಕಡಲೆಕಾಯಿ ಬುಟ್ಟಿ ಚೆಲ್ಲಿದ್ದೂ ಉಂಟು. ತಪ್ಪು ಬುಟ್ಟಿಯದು ಎಂದು ಅವರು ಪಂಚಾಯ್ತಿ ಮಾಡಿ ನನ್ನನ್ನು ಬಿಡಿಸಿಕೊಂಡು ಬಂದರು.

ಅವರಿಗೆ ಜಂಭ ಇತ್ತು. ತೀರಿಕೊಂಡವರೆಂದು ಅದನ್ನು ಮುಚ್ಚಿಟ್ಟರೆ ಅವರ ಚಿತ್ರ ಅರ್ಧವಾಗುತ್ತದೆ. ಬೀದಿಯ ತಿರುವಿನಲ್ಲಿ ಸೈಕಲ್ ಸದ್ದು ಕೇಳಿದರೆ ತಲೆ ಎತ್ತದೆ "ಬ್ಯಾಂಕಿನ ಜವಾನಂದು, ಚೈನ್ ಕವರ್ ಸಡಿಲ ಐತೆ" ಅನ್ನುವರು. ಬಹಳ ಸಲ ಅದು ನಿಜವಾಗುತ್ತಿತ್ತು. ಸುಳ್ಳಾದ ದಿನ, ಜವಾನ ಸೈಕಲ್ಲನ್ನು ಬೇರೆಯವರಿಗೆ ಕೊಟ್ಟಿರಬೇಕು ಎಂದು ವಾದಿಸುವರು. ಹಳೆಯ ಫ್ರೇಮು ಯಾರಾದರೂ ತಂದರೆ ಬೆರಳಿನಿಂದ ಒಮ್ಮೆ ಮೀಟುವರು, ಕೊಳವೆಗಳು ಕೂಡುವ ಗಂಟುಗಳ ಮೇಲೆ ಹೆಬ್ಬೆರಳು ಆಡಿಸುವರು, ಆಮೇಲೆ ಅದು ಯಾವ ದೇಶದ್ದು, ಯಾವ ಕಾಲದ್ದು ಎಂದು ತೀರ್ಪು. "ಕಬ್ಬಿಣ ಸುಳ್ಳೇಳಲ್ಲ ಮೇಡಮ್ಮ. ಮನ್ಸ ಹೇಳ್ತಾನೆ" ಎಂಬುದು ಅವರ ಮಾತು. ತಮ್ಮನ್ನು ಅವರು ಯಾವ ಕಡೆಗೆ ಸೇರಿಸಿಕೊಂಡಿದ್ದರೋ, ಆಗ ನಾನು ಕೇಳಲಿಲ್ಲ.

ಬಾಡಿಗೆ ಅಂಗಡಿಯವರದು ಒಂದು ಪದ್ಧತಿ ಇತ್ತು. ಮಾಗಡಿಯಲ್ಲಷ್ಟೇ ಅಲ್ಲ, ರಾಮನಗರ, ಚನ್ನಪಟ್ಟಣ, ಕನಕಪುರದಲ್ಲೂ ಹಾಗೇ ಮಾಡುತ್ತಿದ್ದರಂತೆ. ಸೈಕಲ್ ಕೊಂಡ ತಕ್ಷಣ ಅದರ ಮೂತಿಯಲ್ಲಿರುವ ಕಂಪನಿಯ ಹಿತ್ತಾಳೆ ಬಿಲ್ಲೆಯನ್ನು ಕಿತ್ತುಹಾಕುವುದು. ಆಮೇಲೆ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಪೆಡಲಿನ ಅಚ್ಚು ಕೂರುವ ದಪ್ಪ ಗಂಟಿನ ಅಡಿಯಲ್ಲಿ ಕೊರೆದಿರುವ ನಂಬರನ್ನು ಅರದಿಂದ ಉಜ್ಜಿ ಅಳಿಸುವುದು. ಕೊನೆಗೆ ಅಂಗಡಿಯ ಬಣ್ಣ ಬಳಿಯುವುದು. ಯಜಮಾನರದು ಹಸಿರು. ಯಾಕೆ ಹೀಗೆ ಎಂದು ಕೇಳಿದ್ದೆ. "ಬಿಲ್ಲೆ, ನಂಬರು ಇದ್ರೆ ಯಾವನಾದ್ರೂ ಬಾಡಿಗೆಗೆ ಅಂತ ತಗೊಂಡೋಗಿ ಮಾರ್ಕತಾನೆ. ಎರಡೂ ಇಲ್ಲ ಅಂದ್ರೆ ಅದು ಬರೀ ಕಬ್ಬಿಣ. ಯಾವ್ ಅಂಗ್ಡಿಯವ್ನೂ ಮುಟ್ಟಲ್ಲ." ಹಾಗಾದರೆ ಕಳೆದುಹೋದರೆ ನಿಮ್ಮದೆಂದು ನೀವು ಹೇಗೆ ಹೇಳುತ್ತೀರಿ ಅಂದೆ. ನಕ್ಕರು. ಅದಕ್ಕೇ ಕಾಯುತ್ತಿದ್ದವರಂತೆ ಕತೆ ಶುರು ಮಾಡಿದರು.

ಆ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನು ಮಾಗಡಿಗೆ ಬರುವ ಮುಂಚಿನದು. ಅವರ ಅಂಗಡಿಯಲ್ಲಿ ಒಂದು ಹಳೆಯ ಇಂಗ್ಲಿಷ್ ಸೈಕಲ್ ಇತ್ತು, ಯಾರೋ ಶಾನುಭೋಗರ ಮನೆಯಿಂದ ಕೊಂಡದ್ದು. ಸೀಟಿನ ಕೆಳಗಿನ ಕೀಲು ಬಿರುಕು ಬಿಟ್ಟು, ರಾಮನಗರದ ಒಬ್ಬ ಆಚಾರಿಯ ಹತ್ತಿರ ಹಿತ್ತಾಳೆ ಬೆಸುಗೆ ಹಾಕಿಸಿದ್ದರು. ಮುಖ ಗೊತ್ತಿಲ್ಲದ ಯಾವನೋ ಸುಳ್ಳು ಊರು ಹೇಳಿ ಅದನ್ನು ಬಾಡಿಗೆಗೆ ಒಯ್ದವನು ತಿರುಗಿ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಸಂತೆಯ ದಿನ, ಕಲ್ಯದ ಕಡೆಯ ಹಳ್ಳಿಯ ಒಬ್ಬ ರೈತ, ಕುರಿ ಸಾಕುವವನು, ಅಂಥದೇ ಸೈಕಲ್ ತಳ್ಳಿಕೊಂಡು ಅಂಗಡಿಯ ಮುಂದೆಯೇ ಹೋದ. ಬಣ್ಣ ಬೇರೆ, ಆದರೆ ಸೀಟಿನ ಕೆಳಗೆ ಹಿತ್ತಾಳೆ ಗೆರೆ ಹೊಳೆಯುತ್ತಿತ್ತು. ಯಜಮಾನರು ಹಾರಿ ಹ್ಯಾಂಡಲ್ ಹಿಡಿದರು.

"ನಮ್ ಮಾವ ಕೊಟ್ಟಿದ್ದು, ಕನಕಪುರದಲ್ಲಿ ತಗಂಡಿದ್ದು ಅಂದ. ಎಲ್ರೂ ಹಂಗೇ ಅಂತಾರೆ. ಬೇಕಾದ್ರೆ ನಂಬರ್ ನೋಡಿ ಅಂದ ಮೇಡಮ್ಮ. ನಂಬರ್ ಎಲ್ಲೈತೆ? ಅಡಿಗೆ ಕೈ ಹಾಕ್ದೆ, ನುಣ್ಣಗೈತೆ. ನನ್ ಅಂಗ್ಡಿದೇ ಅನ್ನಕ್ಕೆ ಇನ್ನೇನ್ ಬೇಕು?" ಇಲ್ಲಿಗೆ ಬಂದಾಗ ಅವರು ಎಡಗೈಯನ್ನು ತೊಡೆಗೆ ಬಡಿಯುವರು. ಜನ ಸೇರಿದರು. ರೈತನನ್ನು ಲೈಟು ಕಂಬಕ್ಕೆ ಕಟ್ಟಿದರು, ಹೊಡೆದರು, ಕೊರಳಿಗೆ ಸವೆದ ಟೈರು ಹಾಕಿ ಬಸ್ ಸ್ಟ್ಯಾಂಡಿನವರೆಗೆ ಮೆರವಣಿಗೆ ಮಾಡಿದರು. ಟೈರು ಕೊಟ್ಟದ್ದು ಯಜಮಾನರೇ. ಹಿರಿಯರು ಸೇರಿ, ಸೈಕಲ್ ಇವರಿಗೆ ಕೊಡಿಸಿ, ಪೊಲೀಸು ಗಿಲೀಸು ಬೇಡ ಎಂದು ಕಳುಹಿಸಿದರಂತೆ. ಕತೆ ಪ್ರತಿ ಸಲವೂ ಒಂದಿಷ್ಟು ಬೆಳೆಯುತ್ತಿತ್ತು, ಕೇಳುವವರು ನಗುತ್ತಿದ್ದರು. ಆ ಸೈಕಲ್ಲನ್ನು ಅವರು ಹಸಿರು ಬಣ್ಣ ಬಳಿದು ವರ್ಷಗಟ್ಟಲೆ ಬಾಡಿಗೆಗೆ ಬಿಟ್ಟರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮಿಬ್ಬರ ವ್ಯಾಪಾರವೂ ಕುಸಿಯಿತು. ಬಿಡದಿಯ ಕಡೆ ಕಾರ್ಖಾನೆಗಳು ಎದ್ದವು. ಹಳ್ಳಿ ಹಳ್ಳಿಗೆ ಕಂಪನಿ ಬಸ್ಸು ಬರತೊಡಗಿತು. ಗಂಟೆಗಿಷ್ಟೆಂದು ಸೈಕಲ್ ಒಯ್ಯುತ್ತಿದ್ದ ಹುಡುಗರು ಕಂತಿನಲ್ಲಿ ಬೈಕು ತೆಗೆದರು. ನನ್ನಲ್ಲಿ ಟೈಪಿಂಗ್ ಕಲಿಯುತ್ತಿದ್ದ ಹುಡುಗಿಯರು ಕಂಪ್ಯೂಟರ್ ಕ್ಲಾಸಿಗೆ ಹೋದರು. ನಾನು ಟೈಪ್‌ರೈಟರ್‌ಗಳ ಮೇಲೆ ಬಟ್ಟೆ ಹೊದಿಸಿ ಕೂತರೆ, ಅವರು ಉಳಿದ ಸೈಕಲ್ಲುಗಳಿಗೆ ಗಾಳಿ ಹಾಕುತ್ತ ಕೂರುವರು. ಬಾಡಿಗೆಗೆ ಹೋಗದ ಫ್ರೇಮುಗಳನ್ನು ಬಿಚ್ಚಿ ಅಟ್ಟಕ್ಕೆ ನೇತುಹಾಕಿದರು. ಕುರಿಯವನಿಂದ ಕಸಿದುಕೊಂಡ ಫ್ರೇಮೂ ಅಲ್ಲೇ ಸೇರಿತು.

ಅದೇ ಹೊತ್ತಿಗೆ ಹೈವೇ ಹೋಟೆಲಿನವರಿಗೆ ಹಳೆಯ ಸಾಮಾನಿನ ಹುಚ್ಚು ಹತ್ತಿತು. ಗೋಡೆಗೆ ಬೀಸುವ ಕಲ್ಲು, ಲಾಟೀನು, ಸೈಕಲ್ಲು ಎಲ್ಲ ಬೇಕು. ಗುಜರಿಯಿಂದ ಆರಿಸಿ ಅಂಥವರಿಗೆ ಸಾಮಾನು ಕೊಡುವ ಒಬ್ಬಾತ ಒಂದು ಮಧ್ಯಾಹ್ನ ತುಕ್ಕು ಹಿಡಿದ ಫ್ರೇಮು ತಂದು ಯಜಮಾನರ ಮುಂದೆ ಹಾಕಿದ. ಬಿಲ್ಲೆ ಇಲ್ಲ, ನಂಬರಿಲ್ಲ, ಬಣ್ಣವೂ ಇಲ್ಲ. "ಬ್ರಿಟಿಷ್ನೋರ್ ಕಾಲದ್ದಾ ನೋಡೇಳಿ ಯಜಮಾನ್ರೇ. ಆದ್ರೆ ಹೋಟೆಲ್ನೋರು ಕಣ್ಣಿಗೊತ್ಕೊಂಡು ತಗತಾರೆ." ನಾನೂ ಹೊರಗೆ ಬಂದು ನಿಂತೆ. ತೀರ್ಪು ಕೇಳುವುದು ನನಗೂ ಒಂದು ಮೋಜು.

ಯಜಮಾನರು ಖುಷಿಯಲ್ಲಿದ್ದರು. ಮೀಟಿದರು, ಗಂಟುಗಳ ಮೇಲೆ ಬೆರಳಾಡಿಸಿದರು. "ಇಂಗ್ಲಿಷ್ ಮಾಲೇ. ಈ ಕೀಲಿನ ಮೂಗು ನೋಡು, ನಮ್ಮೋರು ಹಿಂಗೆ ಮಾಡಲ್ಲ." ಸೀಟಿನ ಕೆಳಗೆ ಕೆರೆದಾಗ ಹಿತ್ತಾಳೆ ಕಂಡಿತು. ಫ್ರೇಮನ್ನು ತಲೆಕೆಳಗು ಮಾಡಿ, ಪೆಡಲ್ ಗಂಟಿನ ಅಡಿಗೆ ಸೀಮೆಎಣ್ಣೆ ಬಟ್ಟೆ ಹಾಕಿ ಉಜ್ಜಿದರು. ಬಹಳ ಹೊತ್ತು ಉಜ್ಜಿದರು. ಬಿಸಿಲಿಗೆ ಹಿಡಿದು ನೋಡಿದರು. "ಎಲ್ ಸಿಕ್ತು?" ಎಂದು ಕೇಳಿದ ದನಿಯ ಗುರುತೇ ನನಗೆ ಸಿಗಲಿಲ್ಲ.

"ಕೂಟಗಲ್ ಕಡೆ ಯಾವ್ದೋ ಕಂಪ್ನಿ ಕಾಂಪೌಂಡ್ ಹಾಕ್ತಾವ್ರೆ. ಹಾಳು ಬಾವಿ ಮುಚ್ಚಕ್ಕೆ ಮೊದ್ಲು ಕೆಸರು ತೆಗ್ಸುದ್ರು. ಜೆಸಿಬಿ ಬಕೆಟ್ಗೆ ಸಿಕ್ಕಿದ್ದು. ಯಾವ್ ಮಾಲು ಹೇಳ್ಲಿಲ್ಲವಲ್ಲ?"

"ನಂಗೊತ್ತಿಲ್ಲ ಕಣಪ್ಪ" ಅಂದರು ಯಜಮಾನರು. ಅವರ ಬಾಯಲ್ಲಿ ಆ ಮಾತು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆತನಿಗೆ ಅಟ್ಟದ ಮೇಲಿನ ಒಳ್ಳೆಯ ಫ್ರೇಮುಗಳನ್ನು ಇಳಿಸಿ ಕೊಟ್ಟು, ಆ ತುಕ್ಕು ಕಬ್ಬಿಣವನ್ನು ತಾವು ಇಟ್ಟುಕೊಂಡರು. ಲಾಭವಾಯಿತೆಂದು ಆತ ಬೇಗ ಬೇಗ ಹೊರಟುಹೋದ.

ಆಮೇಲೆ ಯಜಮಾನರು ಕತೆ ಹೇಳುವುದನ್ನು ನಿಲ್ಲಿಸಿದರು. ಟೀ ತರುವವನು "ಕುರಿಯವ್ನಿಗೆ ಟೈರ್ ಹಾಕ್ಸಿದ್ದು ಒಸಿ ಹೇಳಿ" ಅಂದದ್ದಕ್ಕೆ ಪಂಪು ಎತ್ತಿಕೊಂಡು ಹೊಡೆಯಲು ಹೋದರು. ಊಟದ ಡಬ್ಬಿ ತೆಗೆಯದೆ ಹಾಗೇ ಮನೆಗೆ ಹೋಗುತ್ತಿತ್ತು. ಏನೋ ಕಾಯಿಲೆ ಇರಬೇಕು ಎಂದು ನಾನು ಅವರ ಹೆಂಡತಿಗೆ ಹೇಳಿದೆ.

ಒಂದು ದಿನ ಅವರೇ ನನ್ನನ್ನು ಕರೆದರು. ಅಂಗಡಿಯ ಒಳಗೆ ಎರಡು ಫ್ರೇಮುಗಳು ಪಕ್ಕಪಕ್ಕ ತಲೆಕೆಳಗಾಗಿ ನಿಂತಿದ್ದವು. ಒಂದು ಬಾವಿಯದು, ಇನ್ನೊಂದು ಕುರಿಯವನದು. ಎರಡರ ಅಡಿಯನ್ನೂ ಸ್ವಚ್ಛ ಮಾಡಿದ್ದರು. ನಂಬರು ಉಜ್ಜಿದ ಕಡೆ ಅರದ ಗೀರುಗಳು ಎರಡರಲ್ಲೂ ಕಾಣುತ್ತಿದ್ದವು.

"ಬಾವಿದು ನೋಡಿ ಮೇಡಮ್ಮ. ಗೀರು ಹಿಂಗೆ ವಾಲೈತೆ. ಎಡಗೈಲಿ ಅರ ಹಿಡಿದ್ರೇ ಹಿಂಗ್ ಬರೋದು. ಇದು ನನ್ ಕೈ. ಒಯ್ದೋನು ಮಾರಕ್ಕಾಗ್ದೆ ಬಾವಿಗೆ ಎಸ್ದವ್ನೆ." ಬೆರಳನ್ನು ಪಕ್ಕದ ಫ್ರೇಮಿಗೆ ಇಟ್ಟರು. "ಇದು ಅತ್ತಾಗ್ ವಾಲೈತೆ. ಬಲಗೈಯವ್ನು ಉಜ್ಜಿರೋದು. ಕನಕಪುರದ ಯಾವ್ದೋ ಬಾಡಿಗೆ ಅಂಗ್ಡೀದು. ಅವ್ರ್ ಮಾವ ಹಳೇದು ಮಾರೋವಾಗ ಕೊಂಡಿರ್ಬೇಕು."

"ಬೆಸುಗೆ?"

"ರಾಮನಗರದ ಆಚಾರಿ ನನ್ನೊಬ್ಬನಿಗೇ ಬೆಸುಗೆ ಹಾಕ್ತಿದ್ನಾ?"

ಇಷ್ಟು ವರ್ಷ ಈ ಸೈಕಲ್ಲನ್ನು ಎಷ್ಟು ಸಲ ತಲೆಕೆಳಗು ಮಾಡಿ ಗ್ರೀಸ್ ಹಾಕಿರುತ್ತೀರಿ, ಒಮ್ಮೆಯೂ ನೋಡಲಿಲ್ಲವೇ ಎಂದು ಕೇಳಿಬಿಟ್ಟೆ. "ಬಣ್ಣ ಬಳಿದಿದ್ದೆ, ಗ್ರೀಸ್ ಮೆತ್ತಿತ್ತು. ನಂದೇ ಅಂತ ಗೊತ್ತಿದ್ಮ್ಯಾಕೆ ಯಾಕ್ ಕೆರೀಲಿ?" ಅಂದರು. ಆ ಗೀರಿನ ಮೇಲೆ ಹೆಬ್ಬೆರಳು ಆಡಿಸಿ, "ಕಬ್ಬಿಣ ಸುಳ್ಳೇಳ್ಲಿಲ್ಲ. ನಾನ್ ಹೇಳ್ದೆ" ಅಂದರು. ತಾವೇ ನಂಬರು ಅಳಿಸುವ ಪದ್ಧತಿ ಇಟ್ಟುಕೊಂಡು, ನಂಬರು ಇಲ್ಲದಿರುವುದನ್ನೇ ಸಾಕ್ಷಿ ಮಾಡಿದ್ದರು. ಆ ರೈತ ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ನನಗೆ ಅವರ ಮೇಲೆ ಸಿಟ್ಟು ಬಂತು. ಅದೇ ಕ್ಷಣ ಅಯ್ಯೋ ಅನಿಸಿತು.

ಸೈಕಲ್ ವಾಪಸು ಕೊಟ್ಟು ಕ್ಷಮೆ ಕೇಳುತ್ತೇನೆ ಅಂದದ್ದಕ್ಕೆ ಮನೆಯಲ್ಲಿ ಬೇಡವೆಂದರು. ಬಾವಿಯಲ್ಲಿದ್ದದ್ದು ಬಾವಿಯಲ್ಲೇ ಇದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು, ಈ ವಯಸ್ಸಿನಲ್ಲಿ ಮರ್ಯಾದೆ ಕಳೆದುಕೊಳ್ಳಬೇಡಿ ಎಂದು ಹೆಂಡತಿ ಅತ್ತರಂತೆ. ಯಜಮಾನರು ನನ್ನ ಹತ್ತಿರ ಬಂದು, ಒಂದು ಕ್ಷಮಾಪಣೆ ಕಾಗದ ಟೈಪ್ ಮಾಡಿಕೊಡಿ, ಅಂಚೆಗೆ ಹಾಕಿಬಿಡೋಣ ಅಂದರು. ನಾನು ಮಷೀನಿನ ಬಟ್ಟೆ ತೆಗೆಯಲಿಲ್ಲ. "ಸಂತೆ ಬೀದಿಯಲ್ಲಿ ಟೈರು ಹಾಕಿದ್ದಕ್ಕೆ ಅಂಚೆಯಲ್ಲಿ ಕ್ಷಮೆ ಕೇಳುತ್ತೀರಾ?" ಅಂದೆ. ಬಾಗಿಲವರೆಗೆ ಹೋದವರು ತಿರುಗಿ, "ಹಂಗಾರೆ ನೀವೂ ಬನ್ನಿ. ಒಬ್ಬನೇ ಹೋದ್ರೆ ಅರ್ಧ ದಾರಿಲಿ ಇಳ್ಕೊಂಬುಡ್ತೀನಿ" ಅಂದರು.

ಕುರಿಯವನ ಫ್ರೇಮಿನಿಂದ ತಮ್ಮ ಹಸಿರು ಬಣ್ಣವನ್ನು ಪೂರ್ತಿ ಕೆರೆದು ತೆಗೆದರು. ಹೊಸ ಗಾಲಿ, ಚೈನು, ಸೀಟು ಹಾಕಿ ಸೈಕಲ್ ಕಟ್ಟಿದರು. ಹತ್ತಿಕೊಂಡೇ ಹೋಗಬಹುದಲ್ಲ ಅಂದರೆ, "ಅದ್ರ್ ಮ್ಯಾಕೆ ಇನ್ನು ನಾನ್ ಕೂರಲ್ಲ" ಅಂದರು. ಬಸ್ಸಿನ ಟಾಪಿಗೆ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತಿದ್ದರು. ಅವರ ತುಟಿ ಅಲುಗುವುದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆ ರೈತ ಮನೆಯ ಮುಂದೆ ಮರಿಗಳಿಗೆ ಹಲಸಿನ ಸೊಪ್ಪು ಹಾಕುತ್ತಿದ್ದರು. ತೆಳ್ಳಗಿನ ಮುದುಕ, ಹೆಗಲ ಮೇಲೆ ಕಂಬಳಿ. ನಮ್ಮನ್ನು ನೋಡಿ ಸೊಪ್ಪನ್ನು ಕೆಳಗಿಟ್ಟರು. ಕೂರಿ ಅನ್ನಲಿಲ್ಲ. ಅವರ ಹೆಂಡತಿ ಹೊರಗೆ ಬಂದು ನನಗೊಬ್ಬಳಿಗೆ ನೀರು ಕೊಟ್ಟರು.

"ನನ್ ಗುರ್ತು ಸಿಕ್ತಾ?" ಎಂದರು ಯಜಮಾನರು.

"ನಿಮ್ಮುನ್ನ ಮರೆಯಕ್ಕಾಯ್ತದಾ?"

ಯಜಮಾನರಿಗೆ ಬಾಯಿಪಾಠ ಎಲ್ಲ ಮರೆತುಹೋಯಿತು. ಬಾವಿ, ಜೆಸಿಬಿ, ಗೀರು ಎಂದು ಹಿಂದುಮುಂದಾಗಿ ಹೇಳಿದರು. ಕೊನೆಗೆ "ಇದು ನಿಮ್ದೇ. ಅವತ್ತೂ ನಿಮ್ದೇ ಆಗಿತ್ತು. ನೋಡ್ಕಳಿ" ಎಂದು ಸೈಕಲ್ಲನ್ನು ಮುಂದಕ್ಕೆ ತಳ್ಳಿ, ಬಗ್ಗಿ ಅವರ ಕಾಲು ಹಿಡಿಯಲು ಹೋದರು. ಮುದುಕ ಎರಡು ಹೆಜ್ಜೆ ಹಿಂದೆ ಸರಿದರು.

"ಕಾಲ್ ಗೀಲ್ ಮುಟ್ಬ್ಯಾಡಿ. ನಾನ್ ನೋಡಿ ಏನಾಗ್ಬೇಕು? ಅವತ್ತೂ ನಂದೇ ಅಂತ ನಾನ್ ಹೇಳ್ದೆ. ನಡೆದಿದ್ದು ನಿಮ್ ಮಾತು. ಇವತ್ತೂ ನೀವೇ ಹೇಳಿ. ಇಲ್ಲಲ್ಲ, ಬನ್ನಿ."

ಅವರೇ ಹ್ಯಾಂಡಲ್ ಹಿಡಿದುಕೊಂಡು ಮುಂದೆ ನಡೆದರು. ಊರಿನ ಹಾಲಿನ ಡೈರಿಯ ಮುಂದೆ ಸಂಜೆಯ ಹಾಲು ಹಾಕಲು ಗಂಡಸರು ಹೆಂಗಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಮುದುಕ ಸಾಲಿನ ಎದುರಿಗೆ ಸೈಕಲ್ ನಿಲ್ಲಿಸಿ, "ಇವ್ರು ಮಾಗಡಿ ಸೈಕಲ್ ಅಂಗ್ಡಿಯೋರು. ಏನೋ ಹೇಳ್ಬೇಕಂತೆ, ಕೇಳ್ಕಳಿ" ಅಂದರು.

ಯಜಮಾನರು ಹೇಳಿದರು. ಮೊದಲ ಸಲ ಮಾತು ತಡವರಿಸಿತು, ಇನ್ನೊಮ್ಮೆ ಶುರು ಮಾಡಬೇಕಾಯಿತು. ಸೈಕಲ್ ಇವರದೇ, ಇವರು ಕದ್ದಿರಲಿಲ್ಲ, ನಾನು ಸರಿಯಾಗಿ ನೋಡದೆ ಕಳ್ಳ ಅಂದೆ, ಇಷ್ಟು. ಸಾಲಿನಲ್ಲಿದ್ದವರಿಗೆ ಮುಜುಗರವಾಯಿತು. "ಯಾವ್ ಕಾಲದ್ದೋ ಬುಡಿ ಯಜಮಾನ್ರೇ, ಈಗ್ಯಾಕೆ" ಎಂದು ಒಬ್ಬ ಸಮಾಧಾನ ಮಾಡಲು ಬಂದ. ಒಬ್ಬ ಅಜ್ಜಿ ಮಾತ್ರ ಬಿಡಲಿಲ್ಲ.

"ಟೈರ್ ಯಾರ್ ಹಾಕಿದ್ದು?"

"ಹಾಕಿದ್ದು ಜನ. ಕೊಟ್ಟಿದ್ದು ನಾನೇ ಕಣವ್ವ."

ಅಜ್ಜಿ ಕ್ಯಾನು ಎತ್ತಿಕೊಂಡು ಸಾಲಿಗೆ ತಿರುಗಿದರು. ಸಾಲು ಮುಂದೆ ಸರಿಯಿತು, ಹಾಲು ಅಳೆಯುವ ಕೆಲಸ ನಡೆಯಿತು. ಮುಗಿಯಿತು ಎಂದುಕೊಂಡು ನಾನು ಮಾಗಡಿಯ ಬಸ್ಸಿನ ಯೋಚನೆ ಮಾಡುತ್ತಿದ್ದೆ. ಯಜಮಾನರು ಮುಖ ಒರೆಸಿಕೊಂಡು "ಬತ್ತೀನಿ" ಅಂದರು.

"ಒಸಿ ಇರಿ" ಅಂದರು ಮುದುಕ. "ಈಗ ಕಂಪ್ನಿ ಬಸ್ ಬತ್ತದೆ. ನನ್ ಮಗ ಇಳೀತಾನೆ. ಅವ್ನ್ ಮುಂದೆ ಇನ್ನೊಂದ್ ಸತಿ ಹೇಳಿ."

ಕಾದೆವು. ಹಾಲು ಹಾಕಿದವರಲ್ಲಿ ಕೆಲವರು ಮನೆಗೆ ಹೋಗದೆ ಅಲ್ಲೇ ನಿಂತರು. ಬಸ್ಸು ಬಂದಾಗ ಕಂಪನಿಯ ಯೂನಿಫಾರ್ಮ್ ತೊಟ್ಟ, ಮೂವತ್ತರ ಆಸುಪಾಸಿನ ಒಬ್ಬ ಗಂಡಸು ಇಳಿದು, ಅಪ್ಪನನ್ನೂ ಸೈಕಲ್ಲನ್ನೂ ಗುಂಪನ್ನೂ ನೋಡಿ ಗಾಬರಿಯಾದ. ಮತ್ತೇನು ಆರೋಪ ಬಂತೋ ಎಂಬ ಗಾಬರಿ ಅದು ಎಂದು ನನಗೆ ಅನಿಸಿತು. ಯಜಮಾನರು ಅವನ ಎದುರು ನಿಂತು ಎಲ್ಲವನ್ನೂ ಮೊದಲಿನಿಂದ ಹೇಳಿದರು. ಈ ಸಲ ಎಲ್ಲೂ ತಡವರಿಸಲಿಲ್ಲ, ಆದರೆ ಕಣ್ಣಿನ ನೀರು ನಿಲ್ಲಲಿಲ್ಲ.

ಮಗ ಯಜಮಾನರ ಕಡೆ ನೋಡಲೂ ಇಲ್ಲ. ಅಪ್ಪನ ಕಡೆ ತಿರುಗಿ, "ನೀನ್ಯಾಕಪ್ಪ ಕದ್ದಿಲ್ಲ ಅಂತ ನಂಗೆ ಹೇಳ್ಲಿಲ್ಲ?" ಎಂದು ಕೇಳಿದ.

ಮುದುಕ ಹ್ಯಾಂಡಲ್ ಬಿಟ್ಟಿರಲಿಲ್ಲ.

"ಹೇಳಿದ್ದೆ ಕಣ್ಲಾ" ಅಂದರು. "ಕಳ್ಳನ್ ಮಗ ಅಂದ್ರು ಅಂತ ನೀನು ಇಸ್ಕೂಲಿಂದ ಅಳ್ತಾ ಬಂದಾಗೆಲ್ಲ ಹೇಳಿದ್ದೆ."